ಕೊಪ್ಪೆನಾಮೆ ನದಿಯ ದಂಡೆಯ ಪೇರ್ಕೆ

ಜನವರಿ 14ರ ಆಸುಪಾಸಿನಲ್ಲಿ ನಮ್ಮ ಬೀದಿಗಳಲ್ಲಿ ಎಳ್ಳು-ಬೆಲ್ಲದ ಓಡಾಟ. ಅದೇ 14ರಂದು ಕಥೋಲಿಕ ಸಂನ್ಯಾಸಿಗಳ ರಿಡೆಂಪ್ಟರಿಸ್ಟ್ ಸಭೆಯ ಗುರುಗಳು ಬಲಿಪೂಜೆಯಲ್ಲಿ ನೆನೆಯುವ ಹೆಸರು ಪೀಟರ್ ಡೊಂಡರ್ಸ್. ಹುಟ್ಟೂರಿನವರ ಬಾಯಲ್ಲಿ ಅವರು ‘ಪೇರ್ಕೆ’, ಅಂದರೆ ಪುಟ್ಟ ಪೀಟರ್. ಬೆಂಗಳೂರಿನ ಹೋಲಿ ಘೋಸ್ಟ್ ದೇವಾಲಯವನ್ನು ನಡೆಸುವವರೂ ಇದೇ ಸಭೆಯವರಾದ್ದರಿಂದ ಈ ಹೆಸರು ನಮಗೆ ಪೂರಾ ಹೊಸದಲ್ಲ. ಆದರೆ ಗೊಂದಲಗಳು ಬಹಳ. ಅವರು ದುಡಿದ ಬಟಾವಿಯ ಇಂದಿನ ಜಕಾರ್ತ ಅಲ್ಲ, ದಕ್ಷಿಣ ಅಮೆರಿಕದ ಸುರಿನಾಮ್‌ನಲ್ಲಿದ್ದ ಕುಷ್ಠರೋಗಿಗಳ ವಸತಿ. ಹವಾಯಿಯ ಮೊಲೊಕಾಯ್‌ನಲ್ಲಿ ಕುಷ್ಠ ತಗುಲಿ ತೀರಿಕೊಂಡ ಸಂತ ಡೇಮಿಯನ್ ಬೆಲ್ಜಿಯಮ್‌ನವರು, ಇವರು ಡಚ್ಚರು. ಮತ್ತೆ, ಇವರಿನ್ನೂ ಸಂತರಲ್ಲ. 1982ರ ಮೇ 23ರಂದು ಪೋಪ್ ಎರಡನೆಯ ಜಾನ್ ಪಾಲರು ಡೊಂಡರ್ಸ್‌ರನ್ನು ‘ಪುನೀತ’ ಎಂದು ಸಾರಿದರು, ಅದು ಸಂತಪದವಿಗೆ ಹಿಂದಿನ ಮೆಟ್ಟಿಲು.

1809ರ ಅಕ್ಟೋಬರ್ 27ರಂದು ಟಿಲ್‌ಬರ್ಗ್‌ನ ಬಡ ನೇಕಾರನ ಮನೆಯಲ್ಲಿ ಹುಟ್ಟು. ತಾಯಿ ಬೇಗ ತೀರಿಕೊಂಡರು, ಹುಡುಗ ಮಗ್ಗಕ್ಕೆ ಕೂತ. ಗುರುವಾಗುವ ಆಸೆ ಚಿಕ್ಕಂದಿನದು, ಓದಿಸಲು ಹಣವಿಲ್ಲ. 22ರ ವಯಸ್ಸಿನಲ್ಲಿ ಸಿಂಟ್-ಮಿಖಿಯೆಲ್ಸ್‌ಗೆಸ್ಟೆಲ್‌ನ ಗುರುಮಠ ಸೇರಿದ್ದು ಅರ್ಧ ಆಳಾಗಿ, ಅರ್ಧ ವಿದ್ಯಾರ್ಥಿಯಾಗಿ. ತನಗಿಂತ ಎಷ್ಟೋ ಚಿಕ್ಕ ಹುಡುಗರಿಗೆ ಊಟ ಬಡಿಸಿ, ಆಮೇಲೆ ಅವರ ಜೊತೆಗೇ ಲ್ಯಾಟಿನ್ ಪಾಠಕ್ಕೆ ಕೂರಬೇಕು. ಜೆಸ್ವಿತರು, ಫ್ರಾನ್ಸಿಸ್ಕನ್ನರು, ರಿಡೆಂಪ್ಟರಿಸ್ಟರು ಮೂವರೂ ಅವರನ್ನು ಒಲ್ಲೆವೆಂದರು. 1841ರ ಜೂನ್ 5ರಂದು ಗುರುದೀಕ್ಷೆಯಾದಾಗ ವಯಸ್ಸು 31. ಮರುವರ್ಷ ಆಗಸ್ಟ್ 1ಕ್ಕೆ ಹಡಗು ಹತ್ತಿ ಸೆಪ್ಟೆಂಬರ್ 16ಕ್ಕೆ ಪಾರಾಮಾರಿಬೊ ತಲುಪಿದರು. ತಾಯ್ನಾಡಿಗೆ ಮತ್ತೆ ಮರಳಲಿಲ್ಲ.

ಸುರಿನಾಮ್ ಆಗ ಡಚ್ಚರ ವಸಾಹತು, ಕಬ್ಬು-ಕಾಫಿ ತೋಟಗಳ ನಾಡು. ಕೆಲಸವೆಲ್ಲ ಗುಲಾಮರದು. ಡೊಂಡರ್ಸ್ ದೋಣಿಯಲ್ಲಿ ತೋಟದಿಂದ ತೋಟಕ್ಕೆ ಹೋಗಿ ಜಪ ಕಲಿಸಿದರು, ದೀಕ್ಷಾಸ್ನಾನ ಕೊಟ್ಟರು. ಯೂರೋಪಿನಲ್ಲಿ ಹೊರೆ ಹೊರುವ ದನಗಳಿಗೆ ಸಿಗುವಷ್ಟು ಕಾಳಜಿಯೂ ಇಲ್ಲಿನ ಗುಲಾಮರಿಗಿಲ್ಲ ಎಂಬರ್ಥದ ಮಾತು ಅವರ ಪತ್ರದಲ್ಲಿದೆ. ಅಲ್ಲಿ ಗುಲಾಮಗಿರಿ ರದ್ದಾದದ್ದು 1863ರ ಜುಲೈ 1ರಂದು. ತೋಟಗಳಿಗೆ ಆಳುಗಳು ಬೇಕಾಗಿ 1873ರ ಜೂನ್ 5ರಂದು ‘ಲಲ್ಲಾ ರೂಖ್’ ಹಡಗು ಕಲ್ಕತ್ತೆಯಿಂದ ಕರಾರು ಕೂಲಿಗಳನ್ನು ತಂದು ಅದೇ ಪಾರಾಮಾರಿಬೊದಲ್ಲಿ ಇಳಿಸಿತು. ಅಷ್ಟರಲ್ಲಿ ಡೊಂಡರ್ಸ್ ಬಟಾವಿಯ ಸೇರಿ ಹದಿನೇಳು ವರ್ಷವಾಗಿತ್ತು.

ಬಟಾವಿಯ ಕೊಪ್ಪೆನಾಮೆ ನದಿಯ ದಂಡೆಯಲ್ಲಿತ್ತು. ಕುಷ್ಠ ಕಂಡವರನ್ನು ಸರ್ಕಾರ 1824ರಿಂದ ಹಿಡಿದು ತಂದು ಇಲ್ಲಿಡುತ್ತಿತ್ತು. 1856ರಲ್ಲಿ ಡೊಂಡರ್ಸ್ ಬಂದಾಗ ನೂರಾರು ರೋಗಿಗಳು, ಆರೈಕೆಗೆ ದಿಕ್ಕಿಲ್ಲ. ಅವರೇ ಹುಣ್ಣು ತೊಳೆದು ಪಟ್ಟಿ ಕಟ್ಟಿದರು, ನೀರು ಹೊತ್ತರು, ಗುಡಿಸಲುಗಳ ನೆಲದ ಹಲಗೆ ಸರಿಪಡಿಸಿದರು, ಏಳಲಾರದವರ ಹಾಸಿಗೆಯ ಬಳಿಗೇ ಪರಮಪ್ರಸಾದ ಒಯ್ದರು. ಅಷ್ಟರಿಂದ ಸಾಲದೆಂದು ಕಚೇರಿಗಳ ಬೆನ್ನು ಬಿಡದೆ ಶುಶ್ರೂಷಕರನ್ನು ಕೊಡಿಸಿಕೊಂಡರು. ಭಕ್ತಿಚಿತ್ರಗಳಲ್ಲಿ ಹುಣ್ಣು ತೊಳೆಯುವ ಸ್ವಾಮಿ ಇರುತ್ತಾರೆ, ಅರ್ಜಿ ಹಿಡಿದ ಸ್ವಾಮಿ ಇರುವುದಿಲ್ಲ. ನಮ್ಮ ಎಣಿಕೆಯಲ್ಲಿ ಎರಡನೆಯದೇ ಕಷ್ಟದ ಸೇವೆ.

ಹಿಂದೆ ಒಲ್ಲೆವೆಂದ ರಿಡೆಂಪ್ಟರಿಸ್ಟರೇ 1865ರ ಹೊತ್ತಿಗೆ ಸುರಿನಾಮ್ ಧರ್ಮಪ್ರಚಾರದ ಹೊಣೆ ಹೊತ್ತರು. ಡೊಂಡರ್ಸ್‌ಗೆ ಊರಿಗೆ ಮರಳುವ ದಾರಿ ತೆರೆದಿತ್ತು. ಅವರು ಸಭೆ ಸೇರಲು ಕೇಳಿಕೊಂಡು, 1867ರ ಜೂನ್ 24ರಂದು, 57ನೇ ವಯಸ್ಸಿನಲ್ಲಿ ವ್ರತ ತೆಗೆದುಕೊಂಡು ಬಟಾವಿಯಕ್ಕೇ ಮರಳಿದರು. ಆದಿವಾಸಿ ಅರಾವಾಕ್, ಕರೀಬ್ ಜನರತ್ತ ಹೊರಳಿದ್ದೂ ಆಮೇಲೆಯೇ. 1887ರ ಜನವರಿ 14ರಂದು ಬಟಾವಿಯದಲ್ಲೇ ಪ್ರಾಣ ಬಿಟ್ಟರು. ಸಮಾಧಿ ಈಗ ಪಾರಾಮಾರಿಬೊದ ಮರದ ಮಹಾದೇವಾಲಯದಲ್ಲಿದೆ.

ಅವರನ್ನು ಗೌರವಿಸುವವರು ಇನ್ನೊಂದು ಮಾತನ್ನೂ ಮರೆಮಾಚಬಾರದು. ಆಫ್ರಿಕಾ ಮೂಲದವರ ‘ವಿಂಟಿ’ ಆಚರಣೆಗಳನ್ನು ಅವರು ಪಿಶಾಚಿಯ ಕೆಲಸವೆಂದೇ ಕಂಡರು. ಟಿಲ್‌ಬರ್ಗ್‌ನಲ್ಲಿ 1926ರಲ್ಲಿ ನಿಲ್ಲಿಸಿದ ಪ್ರತಿಮೆಯಲ್ಲಿ ಕಪ್ಪು ರೋಗಿಯೊಬ್ಬ ಅವರ ಕಾಲ ಬಳಿ ಮಂಡಿಯೂರಿದ್ದಾನೆ. ಆ ಭಂಗಿಯ ಬಗ್ಗೆ ಈಚೆಗೆ ಆಕ್ಷೇಪ ಎದ್ದಿದೆ, ಅದು ನ್ಯಾಯವಾದದ್ದೇ. ಬಟಾವಿಯದಲ್ಲಿ ಮಂಡಿಯೂರಿ ಕೆಲಸ ಮಾಡಿದ್ದು ಸ್ವಾಮಿ.

ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಹಿಡಿಯುವವರು ಜನವರಿ 5ಕ್ಕೆ ಆರಂಭಿಸಿ 13ಕ್ಕೆ ಮುಗಿಸಬೇಕು, ಆಗ 14 ಹಬ್ಬಕ್ಕೆ ಉಳಿಯುತ್ತದೆ. ಹಲವರು 6ಕ್ಕೆ ಶುರುಮಾಡಿ ಒಂಬತ್ತನೆಯ ದಿನವನ್ನು ಹಬ್ಬದ ಮೇಲೆ ತಂದುಕೊಳ್ಳುತ್ತಾರೆ. ಮನೆಯಲ್ಲಿ ಜಪಮಾಲೆ, ಒಂದು ಸುವಾರ್ತಾ ವಾಚನ, ಬಿನ್ನಹ ಇಷ್ಟು ಸಾಕು. ದೇವಾಲಯದಲ್ಲಿ ಅವರ ಹೆಸರಿನ ಬಲಿಪೂಜೆ ಬೇಕೆಂದರೆ ಮೊದಲು ಗುರುಗಳನ್ನು ಕೇಳಿ. ಪುನೀತರ ಸಾರ್ವಜನಿಕ ಗೌರವ ಅನುಮತಿ ಇರುವ ಧರ್ಮಕ್ಷೇತ್ರ ಮತ್ತು ಸಭೆಗಳಿಗೆ ಮಾತ್ರ ಸೀಮಿತ. ಖಾಸಗಿ ಪ್ರಾರ್ಥನೆಗೆ ಯಾರ ಅಡ್ಡಿಯೂ ಇಲ್ಲ.

ಹರಕೆಯೆಂದು ಕುಷ್ಠರೋಗಿಗಳ ಆಶ್ರಮಕ್ಕೆ ಹೋಗುವವರು ಸಿಹಿತಿಂಡಿ, ಹಳೇ ಬಟ್ಟೆ ಹೊತ್ತೊಯ್ಯುತ್ತಾರೆ. ಅಲ್ಲಿ ಹೆಚ್ಚಾಗಿ ಬೇಕಾಗುವುದು ಎಂಸಿಆರ್ ಚಪ್ಪಲಿ, ಅಂದರೆ ಮೆತ್ತನೆಯ ರಬ್ಬರ್ ಅಡಿಯದ್ದು, ಜೊತೆಗೆ ಗಾಜ್ ಬಟ್ಟೆ, ವ್ಯಾಸಲೀನ್. ಅಳತೆ ಕೇಳದೆ ಚಪ್ಪಲಿ ತರಬೇಡಿ. ಸ್ಪರ್ಶವಿಲ್ಲದ ಪಾದಕ್ಕೆ ಬಿಗಿ ಚಪ್ಪಲಿ ಕಚ್ಚಿದರೂ ತಿಳಿಯದು, ಸಂಜೆಗೆ ಹುಣ್ಣಾಗಿರುತ್ತದೆ. ಪಾದಸೇವೆಗೆ ಕೂರುವುದಾದರೆ ತಣ್ಣೀರಿನಲ್ಲಿ 15–20 ನಿಮಿಷ ನೆನೆಸಿ, ಗಡಸು ಚರ್ಮವನ್ನು ಹಗುರಾಗಿ ಉಜ್ಜಿ, ತೇವ ಆರುವ ಮುನ್ನ ಎಣ್ಣೆ ಹಚ್ಚಬೇಕು. ಬಿಸಿನೀರು ಬೇಡವೇ ಬೇಡ. ಅದು ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.

ಡೊಂಡರ್ಸ್ ಕೈಯಲ್ಲಿ ಔಷಧಿಯಿರಲಿಲ್ಲ. ನಾರ್ವೆಯ ವೈದ್ಯ ಹ್ಯಾನ್ಸನ್ ಕುಷ್ಠದ ರೋಗಾಣು ಕಂಡದ್ದು 1873ರಲ್ಲಿ, ಬಹುಔಷಧ ಚಿಕಿತ್ಸೆ ಬಂದದ್ದು 1981ರಲ್ಲಿ. ಇಂದು ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, ರೋಗದ ಬಗೆ ನೋಡಿ 6 ಅಥವಾ 12 ತಿಂಗಳು. ಮೈಮೇಲೆ ಮುಟ್ಟಿದರೆ ತಿಳಿಯದ ಬಿಳಿಚಿದ ಅಥವಾ ಕೆಂಚು ಮಚ್ಚೆ ಕಂಡರೆ ನೊವೆನಾ ಮುಗಿಯಲೆಂದು ಕಾಯಬೇಡಿ.

ಸಂತಪದವಿಗೆ ಪುನೀತಪದವಿಯ ಬಳಿಕ ನಡೆದ ಇನ್ನೊಂದು ಪವಾಡ ಬೇಕು. ಮೊದಲನೆಯದು 1929ರಲ್ಲಿ ಟಿಲ್‌ಬರ್ಗ್‌ನ ಮಗುವೊಂದರ ಮೂಳೆರೋಗ ವಾಸಿಯಾದದ್ದು. ಡೊಂಡರ್ಸ್‌ರಿಂದ ಉಪಕಾರ ಪಡೆದೆವೆಂದು ತಿಳಿಸುವವರ ಅಹವಾಲು ಬಿದ್ದುಹೋಗುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಒಂದೇ ಕಾಯಿಲೆಗೆ ನಾಲ್ಕು ಸಂತರಿಗೆ ಹರಕೆ ಹೊತ್ತಿರುತ್ತಾರೆ, ಯಾರ ಬಿನ್ನಹ ಫಲಿಸಿತೆಂದು ಹೇಳಲಾಗದು. ಅಥವಾ ವಾಸಿಯಾದ ಮೇಲಿನ ಸ್ಕ್ಯಾನ್ ಜೋಪಾನವಾಗಿರುತ್ತದೆ, ಕಾಯಿಲೆಯಿದ್ದಾಗಿನ ಎಕ್ಸ್‌ರೇ ಮಾತ್ರ ಕಳೆದುಹೋಗಿರುತ್ತದೆ.