ಈಸ್ಟ್ ಹ್ಯಾಮ್‌ನಲ್ಲಿ ಹೊಸತೊಡಕು

ಲಂಡನ್ನಿನಲ್ಲಿ ಯುಗಾದಿ ಮಾಡುವುದೇನೂ ಕಷ್ಟವಿಲ್ಲ. ಈಸ್ಟ್ ಹ್ಯಾಮ್‌ನ ಹೈ ಸ್ಟ್ರೀಟ್ ನಾರ್ತ್‌ನಲ್ಲಿ ತಮಿಳರ ಅಂಗಡಿಗಳಿವೆ. ಬೆಲ್ಲ, ಕಡಲೆಬೇಳೆ, ಹಬ್ಬದ ಹೊತ್ತಿಗೆ ಬೇವಿನ ಸೊಪ್ಪು ಎಲ್ಲ ಅಲ್ಲೇ ಸಿಗುತ್ತದೆ. ತೊಂದರೆ ಇರುವುದು ಮಾರನೇ ದಿನಕ್ಕೆ. ಮಂಡ್ಯ, ಮೈಸೂರು, ರಾಮನಗರ, ಬೆಂಗಳೂರು ಸುತ್ತಮುತ್ತಲಿನ ನಮ್ಮಂಥ ಮನೆಗಳಲ್ಲಿ ಯುಗಾದಿ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಮೊದಲ ದಿನ ಹೋಳಿಗೆ, ಮಾರನೇ ದಿನ ಹೊಸತೊಡಕಿನ ಬಾಡೂಟ.

ಊರಲ್ಲಿ ಅದಕ್ಕೆ ವರ್ಷವಿಡೀ ತಯಾರಿ ನಡೆಯುತ್ತದೆ. ಅಕ್ಕಪಕ್ಕದ ಮನೆಯವರೆಲ್ಲ ಸೇರಿ ತಿಂಗಳು ತಿಂಗಳು ಚೀಟಿ ದುಡ್ಡು ಕಟ್ಟುತ್ತಾರೆ. ಹಬ್ಬಕ್ಕೆ ಆ ದುಡ್ಡಿನಲ್ಲಿ ಕುರಿ, ಮೇಕೆ ತರುತ್ತಾರೆ. ಬೆಳಗಿನ ಜಾವವೇ ಕೊಯ್ದು, ನೆಲಕ್ಕೆ ಹಾಸಿ, ಗುಡ್ಡೆ ಗುಡ್ಡೆಯಾಗಿ ಪಾಲು ಹಾಕುತ್ತಾರೆ. ಪ್ರತಿ ಗುಡ್ಡೆಯಲ್ಲೂ ಮೆತ್ತಗಿನ ತುಂಡು, ಮೂಳೆ, ಈಲಿ, ಬೋಟಿ ಸ್ವಲ್ಪ ಸ್ವಲ್ಪ ಇರಲೇಬೇಕು. ಇದಕ್ಕೇ ಗುಡ್ಡೆಮಾಂಸ ಅನ್ನುವುದು. ಬೆಂಗಳೂರಿನಲ್ಲಿ ಚೀಟಿ ಕಟ್ಟದವರು ಮೈಸೂರು ರಸ್ತೆಯ ಮಟನ್ ಅಂಗಡಿ ಮುಂದೆ ಕತ್ತಲಿರುವಾಗಲೇ ಕ್ಯೂ ನಿಲ್ಲುತ್ತಾರೆ. ಅವತ್ತು ಏನು ಮಾಡುತ್ತೇವೋ ಅದೇ ವರ್ಷವೆಲ್ಲ ನಡೆಯುತ್ತದೆ ಅಂತ ಒಂದು ನಂಬಿಕೆ. ಹಾಗಾಗಿ ಹೊಟ್ಟೆ ತುಂಬ ತಿನ್ನಬೇಕು, ಜಗಳ ಆಡಬಾರದು. ನಮ್ಮ ಕೈಲಿ ಮೊದಲನೆಯದಷ್ಟೇ ಆಯಿತು.

2025ರ ಯುಗಾದಿ ಮಾರ್ಚ್ 30, ಭಾನುವಾರ ಬಂತು. ಬ್ರಿಟನ್ನಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ದಿನವೂ ಅದೇ. ಎಣ್ಣೆ ಸ್ನಾನಕ್ಕೆ ಎದ್ದವರಿಗೆಲ್ಲ ಒಂದು ಗಂಟೆ ನಿದ್ದೆ ಖೋತಾ. ಹೊಸತೊಡಕು ಸೋಮವಾರ. ಆಫೀಸು ಇರಲಿ, ಸೋಮವಾರ ಶಿವನ ವಾರ ಅಲ್ವಾ, ನಮ್ಮಲ್ಲಿ ಅರ್ಧ ಜನ ಬಾಡು ಮುಟ್ಟುವುದಿಲ್ಲ. ಶುಕ್ರವಾರ ಲಕ್ಷ್ಮಿ, ಶನಿವಾರ ತಿಮ್ಮಪ್ಪ. ಮುಂದಿನ ಭಾನುವಾರ ನೋಡಿದರೆ ಏಪ್ರಿಲ್ 6, ಶ್ರೀರಾಮನವಮಿ. ಪಾನಕ, ಕೋಸಂಬರಿಯ ದಿನ ಕೋಳಿ ಸಾರು ಅಂದರೆ ಊರಿಂದ ಅಮ್ಮಂದಿರು ಫೋನಿನಲ್ಲೇ ಬೈಯುತ್ತಾರೆ. ಕೊನೆಗೆ ಏಪ್ರಿಲ್ 13ರ ಭಾನುವಾರ ಅಂತ ಗಟ್ಟಿಯಾಯಿತು. ಹಿಂದಿನ ರಾತ್ರಿ ಬೆಂಗಳೂರು ಕರಗ. ಅಲ್ಲಿ ನಡುರಾತ್ರಿ ಕಳೆದು ಹೊರಡುವ ಕರಗವನ್ನು ನಾವು ಇಲ್ಲಿ ರಾತ್ರಿ ಊಟ ಮಾಡುತ್ತಲೇ ಫೋನಿನಲ್ಲಿ ನೋಡಿದೆವು. ದೂರ ಇರುವುದರಿಂದ ಆಗುವ ಲಾಭ ಇಂಥದ್ದೊಂದೆರಡೇ.

ದಿನ ಮುಂದಕ್ಕೆ ಹೋಗಿದ್ದಕ್ಕೆ ಖುಷಿಪಟ್ಟವನು ಮಂಗಳೂರಿನ ಗೆಳೆಯ. ತುಳುನಾಡಿನವರ ಹೊಸವರ್ಷ ಬಿಸು, ಸೌರಮಾನದ ಲೆಕ್ಕ, ಏಪ್ರಿಲ್ ಮಧ್ಯಕ್ಕೆ ಬರುತ್ತದೆ. ಕೊಡಗಿನ ಅಕ್ಕನ ಎಡಮ್ಯಾರ್ ಕೂಡ ಅದೇ ಹೊತ್ತಿಗೆ. "ಅಂತೂ ನೀವೇ ನಮ್ಮ ದಾರಿಗೆ ಬಂದ್ರಿ ಮಾರಾಯ್ರೆ" ಅಂದ.

ಈ ಸಲದ ಬಾಡೂಟದಲ್ಲಿ ಸಾರಿನ ಸ್ಪರ್ಧೆ ಇಡುವ ಯೋಚನೆ ಹುಟ್ಟಿದ್ದು ಹಳೇ ವಾದವೊಂದರಿಂದ. ನಾವು ಕೆಲವು ಮನೆಯವರು ಸೇರಿದಾಗಲೆಲ್ಲ ಯಾರ ಸಾರು ಚೆನ್ನಾಗಿತ್ತು ಅಂತ ಮಾತು ಬರುತ್ತದೆ, ಮುಗಿಯುವುದಿಲ್ಲ. ಸರಿ, ಈ ಸಲ ಲೆಕ್ಕ ಚುಕ್ತಾ ಮಾಡೋಣ ಅಂದುಕೊಂಡೆವು. ಮನೆಗೊಂದು ಪಾತ್ರೆ, ಪಾತ್ರೆಗೊಂದು ನಂಬರ್. ಅಂಗಡಿಯ ರೆಡಿ ಮಸಾಲೆ ಹಾಕುವಂತಿಲ್ಲ. ತೀರ್ಪುಗಾರರು ಮಂಡ್ಯದ ಗೆಳೆಯನ ಅಪ್ಪಾಜಿ, ನಾಗಮಂಗಲದ ಕಡೆಯವರು. ಮಗ ಸೊಸೆ ಜೊತೆ ಇರಲು ವಿಸಿಟರ್ ವೀಸಾದಲ್ಲಿ ಬಂದಿದ್ದರು. ಅವರು ಹಾಕಿದ ಷರತ್ತು ಒಂದೇ: ಎಲ್ಲ ಸಾರನ್ನೂ ಮುದ್ದೆ ಜೊತೆಗೇ ರುಚಿ ನೋಡುವುದು.

ಇಲ್ಲೇ ಗಲಾಟೆ ಶುರುವಾಯಿತು. ಕೋರಿ ಗಸ್ಸಿಗೆ (ಅವರ ಕೋಳಿ ಸಾರು) ಕೋರಿ ರೊಟ್ಟಿ ಬೇಕು, ನೀರುದೋಸೆಯಾದರೂ ಬೇಕು, ಮುದ್ದೆ ಅಂದರೆ ಅನ್ಯಾಯ ಅಂತ ಮಂಗಳೂರು. ಹಂದಿ ಮಾಂಸದ ಪಂದಿ ಕರಿಗೆ ಅಕ್ಕಿಯ ಉಂಡೆ ಕಡಂಬುಟ್ಟು ಅಂತ ಕೊಡಗು. ಸಾವಜಿ ಮಟನ್‌ಗೆ ಜೋಳದ ರೊಟ್ಟಿ ಇಲ್ಲದಿದ್ದರೆ ನಾನು ಬರೋದೇ ಇಲ್ರೀ ಅಂತ ಹುಬ್ಬಳ್ಳಿ. ನನ್ನನ್ನು ಕೇಳಿದರೆ ಅವರ ಮಾತು ನ್ಯಾಯವೇ. ಮುದ್ದೆಯನ್ನು ಅಗಿಯುವುದಿಲ್ಲ, ಸಾರಲ್ಲಿ ಅದ್ದಿ ನುಂಗುತ್ತೇವೆ. ಅದಕ್ಕೆ ಜಾರುವಷ್ಟು ತೆಳ್ಳಗಿನ ಸಾರು ಬೇಕು. ಗಸ್ಸಿ ರೊಟ್ಟಿಯನ್ನು ನೆನೆಸಬೇಕು, ಅದಕ್ಕೇ ತೆಂಗಿನಕಾಯಿ ಹಾಲು. ಸಾವಜಿಯ ಎಣ್ಣೆ, ಖಾರ ಎರಡನ್ನೂ ತಡೆಯಲು ಒಣ ರೊಟ್ಟಿಯೇ ಸರಿ. ಜೊತೆಗೆ ಏನು ತಿನ್ನುತ್ತಾರೆ ಅನ್ನುವುದರ ಮೇಲೇ ಆಯಾ ಊರಿನ ಸಾರು ನಿಂತಿರುತ್ತದೆ. ಆದರೆ ಅಪ್ಪಾಜಿ ಜಗ್ಗಲಿಲ್ಲ. "ನೀವು ಏನಾದ್ರೂ ತಿನ್ಕಳಿ, ನಾನು ಮುದ್ದೇಲೇ ನೋಡೋದು" ಅಂದರು.

ಸಾಮಾನು ಹೊಂದಿಸಿದ್ದೇ ಒಂದು ಕಥೆ. ಇಲ್ಲಿ ನಾಟಿ ಕೋಳಿ ಎಲ್ಲಿಂದ ಬರಬೇಕು? ಅಪ್ಟನ್ ಪಾರ್ಕ್‌ನ ಗ್ರೀನ್ ಸ್ಟ್ರೀಟ್‌ನಲ್ಲಿ ಹಲಾಲ್ ಅಂಗಡಿಯವರ ಹತ್ತಿರ ಹಾರ್ಡ್ ಚಿಕನ್ ಅಂತ ಕೇಳಬೇಕು. ಮೊಟ್ಟೆ ಇಟ್ಟು ಮುಗಿಸಿದ ವಯಸ್ಸಾದ ಕೋಳಿ ಅದು. ಗಟ್ಟಿ ಮಾಂಸ, ಕುಕ್ಕರಿನಲ್ಲಿ ಜಾಸ್ತಿ ಹೊತ್ತು ಬೇಯಬೇಕು, ಆದರೆ ಸಾರಿಗೆ ರಸ ಬಿಡುತ್ತದೆ. ಚರ್ಮ ಸುಲಿದೇ ಕೊಡುತ್ತಾರೆ. ಅರಿಶಿನ ಹಚ್ಚಿ ಬೆಂಕಿಯಲ್ಲಿ ಸುಡುವ ಕೆಲಸವೂ ಇಲ್ಲ, ಆ ಸುಟ್ಟ ವಾಸನೆಯೂ ಇಲ್ಲ. ಇದನ್ನು ಕೇಳಿ ಅಪ್ಪಾಜಿಗೆ ತುಂಬಾ ಬೇಜಾರಾಯಿತು.

ಕೋಲಾರದ ಅಕ್ಕ ಅವರೆಕಾಳು ಹಾಕಿ ಮಟನ್ ಸಾರು ಮಾಡುವುದು ಅಂತ ನಿರ್ಧರಿಸಿದ್ದರು. ಅವರೆ ಸೊಗಡು ಇರುವುದು ಚಳಿಗಾಲದಲ್ಲಿ, ಏಪ್ರಿಲ್‌ನಲ್ಲಿ ಊರಲ್ಲೇ ಕಷ್ಟ. ಇಲ್ಲಿ ಗುಜರಾತಿಗಳ ಅಂಗಡಿಯ ಫ್ರೀಜರಿನಲ್ಲಿ ಪಾಪ್ಡಿ ಲಿಲ್ವಾ ಅನ್ನುವ ಹೆಸರಿನಲ್ಲಿ ವರ್ಷವೆಲ್ಲ ಸಿಗುತ್ತದೆ. ಸೊಗಡು ಕಮ್ಮಿ, ಕಾಳೇನೋ ಅದೇ. ಕೊಡಗಿನ ಅಕ್ಕ ಒಂದು ಔಷಧಿ ಸೀಸೆಯಷ್ಟು ಕಾಚಂಪುಳಿಯನ್ನು ಬೀರುವಿನಲ್ಲಿ ಭದ್ರವಾಗಿ ಇಟ್ಟಿದ್ದರು. ಕಪ್ಪಗೆ, ಮಂದವಾಗಿ, ಒಂದು ಚಮಚ ಬಿದ್ದರೆ ಸಾಕು ಬಾಯೆಲ್ಲ ಹುಳಿ. ಹಂದಿ ಮಾಂಸ ತಿನ್ನದವರೂ ಇದ್ದರು, ಹಾಗಾಗಿ ಕೊಡಗಿನ ಅಕ್ಕನ ಪಂದಿ ಕರಿ ಪಾತ್ರೆಗೆ ಬೇರೆ ಮೇಜು, ಬೇರೆ ಸೌಟು.

ಬಾಡಿಗೆ ಹಾಲ್‌ನ ಅಡುಗೆಮನೆಯಲ್ಲಿ ಇದ್ದದ್ದು ಕರೆಂಟ್ ಒಲೆ. ನಿಧಾನ. ರಾಗಿ ಹಿಟ್ಟಿಗೆ ಮಾತ್ರ ಕೊರತೆ ಇಲ್ಲ. ಶ್ರೀಲಂಕಾದವರು ಕುರಕ್ಕನ್ ಅನ್ನುತ್ತಾರೆ, ಎಲ್ಲ ಅಂಗಡಿಯಲ್ಲೂ ಇದೆ. ಮುದ್ದೆ ಕೋಲು ಯಾರ ಮನೆಯಲ್ಲೂ ಇರಲಿಲ್ಲ. ಲಟ್ಟಣಿಗೆಯಲ್ಲೇ ತೊಳಸಿದ್ದು. ಪಾತ್ರೆಯನ್ನು ಇಬ್ಬರು ಬಟ್ಟೆ ಹಿಡಿದು ಅದುಮಿಕೊಂಡಿದ್ದರು. ಗಂಟಾಗಲಿಲ್ಲ.

ಆಫೀಸಿನ ಇಂಗ್ಲಿಷ್ ಗೆಳೆಯನೊಬ್ಬನನ್ನೂ ಕರೆದಿದ್ದೆ. ಅವನ ಪ್ರಕಾರ ಕರಿ ಅಂದರೆ ಕಿತ್ತಳೆ ಬಣ್ಣ, ಕೆನೆ, ನಾನ್. ಅವನ ತಪ್ಪೇನಿಲ್ಲ. 2001ರಲ್ಲಿ ಇಲ್ಲಿನ ವಿದೇಶಾಂಗ ಮಂತ್ರಿ ರಾಬಿನ್ ಕುಕ್ ಅವರೇ ಚಿಕನ್ ಟಿಕ್ಕಾ ಮಸಾಲಾ ಬ್ರಿಟನ್ನಿನ ನಿಜವಾದ ರಾಷ್ಟ್ರೀಯ ತಿಂಡಿ ಅಂತ ಭಾಷಣ ಮಾಡಿದ್ದರು. ಅವನು ಮುದ್ದೆಯನ್ನು ಚೆನ್ನಾಗಿ ಅಗಿದ. ಮೇಣದ ಹಾಗೆ ಹಲ್ಲಿಗೆ ಮೆತ್ತಿಕೊಂಡಿತು. ನುಂಗುವುದು ಅಂತ ತೋರಿಸಿಕೊಟ್ಟ ಮೇಲೆ ಎರಡನೇ ಮುದ್ದೆ ಹಾಕಿಸಿಕೊಂಡ.

ಅಪ್ಪಾಜಿ ಶಲ್ಯ ಕೊಡವಿ ಕುಳಿತರು. ಎಲ್ಲರ ಸಾರನ್ನೂ ಒಂದೇ ತರಹ, ಮಾತಿಲ್ಲದೆ ಉಂಡರು. ಗಸ್ಸಿಗೆ ತಲೆ ಆಡಿಸಿದರು. ಸಾವಜಿಗೆ ಕಣ್ಣಲ್ಲಿ ನೀರು ಬಂತು, ಆದರೂ ತಟ್ಟೆಯಲ್ಲಿ ಬಿಡಲಿಲ್ಲ. ಕೈ ತೊಳೆದು ಬಂದು, "ಮೂರನೇದು ಸಾರು. ಮಿಕ್ಕಿದ್ದೆಲ್ಲ ಪಲ್ಯ ಕಣಪ್ಪ" ಅಂದರು.

ಮೂರನೆಯದು ಕೋಲಾರದ ಅವರೆಕಾಳು ಮಟನ್. ಮೊದಲನೆಯದು ಅಪ್ಪಾಜಿಯ ಸೊಸೆಯೇ ಮಾಡಿದ ಕೋಳಿ ಸಾರು. ಸೊಸೆ ಸೊಂಟಕ್ಕೆ ಕೈ ಕೊಟ್ಟು ನಿಂತರು. "ಯಾಕೆ ಮಾವ, ನಂದೂ ಪಲ್ಯನಾ?" "ಹಂಗಲ್ಲ ಕಣವ್ವ. ನಿಂದು ದಿನಾ ಉಣ್ತೀನಲ್ಲ, ಇವರದು ಇವತ್ತೊಂದಿನ." ಬುದ್ಧಿವಂತರು. ಮಕ್ಕಳದ್ದು ಬೇರೆ ಮತ. ಅವರು ಮುದ್ದೆ ಬಿಟ್ಟು ಅನ್ನಕ್ಕೆ ಗಸ್ಸಿ ಹಾಕಿಕೊಂಡು ಆ ಪಾತ್ರೆಯನ್ನು ಬಳಿದಿಟ್ಟಿದ್ದರು. ಬಹುಮಾನ ಒಂದು ಕೆಜಿ ಬ್ಯಾಡಗಿ ಮೆಣಸಿನಕಾಯಿ. ಅಷ್ಟರಲ್ಲಿ ಕೋಲಾರದ ಅಕ್ಕ ಹಾಕಿದ ಸಾರಿನ ಪುಡಿ ಅವರಮ್ಮ ಊರಲ್ಲಿ ಮಾಡಿಸಿ ಕಳಿಸಿದ್ದು ಅಂತ ಗೊತ್ತಾಯಿತು. ಅದು ರೆಡಿ ಮಸಾಲೆಯೋ ಅಲ್ಲವೋ ಅಂತ ಪಾತ್ರೆ ತೊಳೆಯುವಾಗಲೂ ವಾದ ನಡೆದೇ ಇತ್ತು.

ಸಾವಜಿ ಮಟನ್ ಅರ್ಧ ಪಾತ್ರೆ ಉಳಿಯಿತು. ಹುಬ್ಬಳ್ಳಿಯವರಿಗೆ ಬೇಜಾರೇ ಆಗಲಿಲ್ಲ. "ಇದು ಮರುದಿನ ತಿನ್ನೂದ್ರೀ. ಒಯ್ದು ನೋಡ್ರಿ" ಅಂತ ಎಲ್ಲರ ಡಬ್ಬಿಗೂ ತುಂಬಿ ಕಳಿಸಿದರು. ಸೋಮವಾರ ಸಂಜೆ, ಶಿವನ ವಾರ ಪಾಲಿಸದವರ ಮನೆಗಳಿಂದ, ವಾಟ್ಸಾಪ್ ಗುಂಪಿಗೆ ಒಂದೊಂದೇ ಮೆಸೇಜು ಬಂತು: ಇದೇ ಗೆಲ್ಲಬೇಕಿತ್ತು. ಹುಬ್ಬಳ್ಳಿಯವರು ಮರುಮತದಾನ ಕೇಳಿದ್ದಾರೆ. ಅಪ್ಪಾಜಿ ಈಗ ನಾಗಮಂಗಲಕ್ಕೆ ವಾಪಸ್ ಹೋಗಿದ್ದಾರೆ, ಫೋನ್ ಮಾಡಿದರೆ ಕುರಿ ವಿಷಯ ಮಾತಾಡುತ್ತಾರೆ, ಸಾರಿನ ವಿಷಯ ಎತ್ತುವುದಿಲ್ಲ.