ಗೇಟ್ ಯಾವಾಗ ತೆಗೆಯಬೇಕು?

ರೈಲ್ವೆ ಸಿಗ್ನಲ್ ಸಾಫ್ಟ್‌ವೇರ್ ಟೀಮಿಗೆ ಸೇರಿದ ಮೊದಲ ವಾರ ನನಗೆ ಸಿಕ್ಕಿದ್ದು ಒಂದೇ ಸಾಲು. "ರೈಲು ಬರುವಾಗ ಗೇಟ್ ಹಾಕಿರಬೇಕು, ಹೋದ ಮೇಲೆ ತೆಗೆಯಬೇಕು." ಇದನ್ನು ಗಣಿತದಲ್ಲಿ ಬರೆದು ತನ್ನಿ ಅಂದರು. ಇದರಲ್ಲಿ ಬರೆಯೋದೇನಿದೆ ಅನ್ನಿಸಿತು. ತಿಪಟೂರು ಕಡೆಯ ನಮ್ಮೂರ ಗೇಟಿನ ಮುಂದೆ ಸೈಕಲ್ ಹಿಡಿದು ಕಾಯುತ್ತಲೇ ಬೆಳೆದವನು ನಾನು.

ಒಂದು ಗುರುತು ಇಟ್ಟೆ. ರೈಲು ಗೇಟಿನ ಹತ್ತಿರ ಬಂದರೆ "ಹೌದು", ದಾಟಿದರೆ "ಇಲ್ಲ". ಗೇಟ್ ತೆಗೆದಿದ್ದಾಗ ಅಲ್ಲಿ ರೈಲು ಇರಲೇಬಾರದು. ಯಾವ ಹೊತ್ತಿಗೂ ಮುರಿಯಬಾರದ ಇಂಥ ಮಾತಿಗೆ ಇನ್‌ವೇರಿಯಂಟ್ ಅಂತಾರೆ. ಅದು ಎಂದೂ ಮುರಿಯದು ಅಂತ ಗಣಿತದಲ್ಲಿ ಸಾಧಿಸಲು ಕೂತೆ. ಒಂದು ಹೆಜ್ಜೆ ಮುಂದೆ ಹೋಗಲೇ ಇಲ್ಲ. ಜೋಡಿ ಹಳಿ ಅಲ್ವಾ? ಒಂದು ರೈಲು ದಾಟಿತು, ಗುರುತು "ಇಲ್ಲ" ಆಯಿತು, ಗೇಟ್ ಎದ್ದಿತು. ಎದುರಿನಿಂದ ಬಂದ ಇನ್ನೊಂದು ರೈಲು ಆಗಲೇ ಒಳಗಿದೆ!

ಆ ಸಾಲನ್ನು ಮತ್ತೆ ಓದಿದೆ. "ರೈಲು" ಅಂತಷ್ಟೇ ಇದೆ. ಒಂದೋ, ಎರಡೋ? ಮಾತಿನಲ್ಲಿ ಅದು ನಡೆಯುತ್ತದೆ, ಗಣಿತ ಬಿಡಲಿಲ್ಲ. ಗುರುತು ತೆಗೆದು, ಒಳಗಿರುವ ರೈಲುಗಳ ಗಣ ಇಟ್ಟೆ. ಹೈಸ್ಕೂಲಿನಲ್ಲಿ ಓದಿದ ಅದೇ ಗಣ. ಅದು ಖಾಲಿ ಇದ್ದರೆ ಮಾತ್ರ ಗೇಟ್ ಏಳಬಹುದು.

ಟೆಸ್ಟ್ ಮಾಡಿದ್ದರೆ ಇದು ಸಿಗುತ್ತಿರಲಿಲ್ಲವೇ ಅಂತ ಕೇಳಿದೆ. ಸೀನಿಯರ್ ಒಬ್ಬರು ಥೆರಾಕ್-25 ಬಗ್ಗೆ ಹೇಳಿದರು. ಕ್ಯಾನ್ಸರ್ ರೋಗಿಗಳಿಗೆ ರೇಡಿಯೇಶನ್ ಕೊಡುವ ಯಂತ್ರ ಅದು. 1985ರಿಂದ 1987ರೊಳಗೆ ಆರು ಜನರಿಗೆ ವಿಪರೀತ ಡೋಸ್ ಬಿತ್ತು. ಅದರ ಪ್ರೋಗ್ರಾಮಿನಲ್ಲಿ ಒಂದು ಬೈಟಿನ ವೇರಿಯಬಲ್, ಅಂದರೆ ಸಂಖ್ಯೆ ಇಡುವ ಪುಟ್ಟ ಜಾಗ, ಇತ್ತು. ಅದು ಸೊನ್ನೆ ಅಲ್ಲದಿದ್ದರೆ ಯಂತ್ರದ ಭಾಗಗಳು ಸರಿಯಾದ ಜಾಗದಲ್ಲಿವೆಯೇ ಅಂತ ನೋಡಬೇಕು. ಆದರೆ ಅದಕ್ಕೆ ಪ್ರತಿ ಸಲ ಒಂದು ಕೂಡುತ್ತಿತ್ತು. ಬೈಟಿನಲ್ಲಿ 255ರ ಮೇಲೆ ಜಾಗ ಇಲ್ಲ, ಮುಂದಿನದು ಸೊನ್ನೆ. ಸರಿಯಾಗಿ ಆ ಕ್ಷಣಕ್ಕೆ ಆಪರೇಟರ್ ಬಟನ್ ಒತ್ತಿದರೆ ತಪಾಸಣೆಯೇ ಇಲ್ಲ. 1987ರ ಜನವರಿಯಲ್ಲಿ ಅಮೆರಿಕದ ಯಾಕಿಮಾದಲ್ಲಿ ಹಾಗೇ ಆಯಿತು. 255 ಸಲ ಟೆಸ್ಟ್ ಪಾಸಾಗುತ್ತದೆ. ಕೇಳಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಪ್ಯಾರಿಸ್ ಮೆಟ್ರೋದ 14ನೇ ಲೈನ್ 1998ರಲ್ಲಿ ಡ್ರೈವರ್ ಇಲ್ಲದೆಯೇ ಶುರುವಾಯಿತು. ಅದರ ಸುರಕ್ಷತೆಯ ಭಾಗವನ್ನು ಪ್ರೋಗ್ರಾಮನ್ನು ಗಣಿತದಲ್ಲೇ ಬರೆದು ಸಾಧಿಸುವ ಬಿ ಮೆಥಡ್‌ನಲ್ಲಿ ಬರೆದು, ಹೆಜ್ಜೆ ಹೆಜ್ಜೆಗೂ ಸಾಧಿಸಿ, ಅದರಿಂದ ಅಡಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸುಮಾರು 86,000 ಸಾಲು ಕೋಡ್ ತೆಗೆದರು. ಅಷ್ಟು ತಾಳ್ಮೆ ನನಗೂ ಬೇಕು.

ಈಗ ನನ್ನ ಮುಂದೆ ಇರುವುದು ಸೆನ್ಸರ್. ಅದು ಕೆಟ್ಟರೆ ಒಳಗೆ ರೈಲು ಇದೆ ಅಂತಲೇ ಲೆಕ್ಕ. ಸರಿ, ರಿಪೇರಿ ಆದ ಮೇಲೆ ಗಣದಿಂದ ಯಾವ ರೈಲನ್ನು ತೆಗೆಯಬೇಕು? ನಾಳೆ ಬೆಳಿಗ್ಗೆ ಇದನ್ನೇ ಬೋರ್ಡ್ ಮೇಲೆ ಬರೆಯಬೇಕು.