ಹದಿನಾರು ವರ್ಷಗಳ ನಂತರ ಮತ್ತೆ ಕೈಗೆತ್ತಿಕೊಂಡ ಬೀಟಲ್

ಮೇ ತಿಂಗಳ ಕೊನೆಯಲ್ಲಿ ಅಟ್ಟವನ್ನು ಸ್ವಚ್ಛಗೊಳಿಸುವಾಗ, ಹದಿನಾರು ವರ್ಷಗಳ ಹಿಂದೆ ಅರ್ಧಕ್ಕೇ ಬಿಟ್ಟಿದ್ದ ತಮಿಯಾ ಕಂಪನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಿಟ್, ಅಂದರೆ ಬಿಡಿ ಭಾಗಗಳನ್ನು ಜೋಡಿಸಿ ಬಣ್ಣ ಹಾಕಿ ಮಾಡುವ ಪ್ಲಾಸ್ಟಿಕ್ ಮಾದರಿ ಕಾರು, ಕೈಗೆ ಸಿಕ್ಕಿತು. ಇದು 1966ರ ಬೀಟಲ್ 1300ರ ಪ್ರತಿರೂಪ. ನಾಲ್ಕು ಮೀಟರಿಗೆ ತುಸು ಹೆಚ್ಚು ಉದ್ದವಿರುವ ಕಾರು 1:24ರ ಅಳತೆಯಲ್ಲಿ ಸುಮಾರು 17 ಸೆಂಟಿಮೀಟರಿಗೆ ಇಳಿಯುತ್ತದೆ. ಉದ್ಯೋಗ, ಸಂಸಾರಗಳ ನಡುವೆ ಕೈಬಿಟ್ಟುಹೋಗಿದ್ದ ಹವ್ಯಾಸವನ್ನು ಇದೇ ಕಾರಿನಿಂದ ಮತ್ತೆ ಆರಂಭಿಸಬೇಕೆಂದು ಅಂದೇ ನಿಶ್ಚಯಿಸಿದೆ.

ಮೊದಲ ಕೆಲಸ ದುರಸ್ತಿಯದೇ ಆಯಿತು. ಅಂದು ಟೈರುಗಳನ್ನೂ ಕಿಟಕಿಯ ಪಾರದರ್ಶಕ ಭಾಗಗಳನ್ನೂ ಒಂದೇ ಚೀಲದಲ್ಲಿ ಹಾಕಿಟ್ಟಿದ್ದೆ. ಮೆತ್ತನೆಯ ವಿನೈಲ್ ಟೈರುಗಳನ್ನು ಮೃದುವಾಗಿಡಲು ಬೆರೆಸಿದ ರಾಸಾಯನಿಕವು ಕಾಲಕ್ರಮೇಣ ಹೊರಗೆ ಜಿನುಗಿ, ತಾಗಿಕೊಂಡಿರುವ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ನಿಧಾನವಾಗಿ ತಿನ್ನುತ್ತದೆ. ಹಿಂಬದಿಯ ಕಿಟಕಿಯ ಮೇಲೆ ಟೈರಿನ ಗೀರುಗಳ ಅಚ್ಚು ಸ್ಪಷ್ಟವಾಗಿ ಮೂಡಿತ್ತು. 1500, 2000, 3000 ಸಂಖ್ಯೆಯ ವಾಟರ್ ಪೇಪರುಗಳಿಂದ ಒಂದರ ನಂತರ ಒಂದರಂತೆ ನೀರು ಹಾಕಿ ಉಜ್ಜಿ, ಕೊನೆಗೆ ಪಾಲಿಶ್ ಮಾಡಿದಾಗ ಎರಡು ಸಂಜೆಗಳ ಬಳಿಕ ಗಾಜು ಮತ್ತೆ ತಿಳಿಯಾಯಿತು. ಹಳೆಯ ಕಿಟ್ ಇಟ್ಟುಕೊಂಡಿರುವವರು ಟೈರುಗಳನ್ನು ಇಂದೇ ಬೇರೆ ಚೀಲಕ್ಕೆ ಹಾಕಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಪ್ಲಾಸ್ಟಿಕ್ ಎರಕದ ಅಚ್ಚಿನಿಂದ ಬಾಡಿಯ ಮೇಲೆ ಉಳಿದಿದ್ದ ಗೆರೆಗಳನ್ನು ಉಜ್ಜಿ ತೆಗೆದು, ಪಾತ್ರೆ ತೊಳೆಯುವ ಸಾಬೂನಿನಿಂದ ತೊಳೆದು, ಜೂನ್ ಮೊದಲ ವಾರದಲ್ಲಿ ಪ್ರೈಮರ್ ಹಾಕಿದೆ. ಬೀಟಲ್ ಕಾರಿನ ನಾಲ್ಕೂ ಮಡ್‌ಗಾರ್ಡುಗಳನ್ನು ಬೋಲ್ಟಿನಿಂದ ಜೋಡಿಸಿರುತ್ತಾರೆ. ಅವು ಬಾಡಿಯನ್ನು ಸೇರುವಲ್ಲಿ ಕಾಣುವ ಸಂದೇ ಆ ಕಾರಿನ ಮುಖಲಕ್ಷಣ. ಈ ಅಳತೆಯಲ್ಲಿ ಬಣ್ಣದ ಪದರ 0.1 ಮಿಲಿಮೀಟರ್ ದಪ್ಪವಾದರೂ ಅದು ನಿಜವಾದ ಕಾರಿನ ಮೇಲೆ 2.4 ಮಿಲಿಮೀಟರ್ ದಪ್ಪ ಬಳಿದಂತೆ, ಸಂದು ಮುಚ್ಚಿಹೋಗುತ್ತದೆ. ಆದ್ದರಿಂದ ತೆಳುವಾದ ಪದರಗಳಲ್ಲೇ ಬಣ್ಣ ಹಾಕುವುದೆಂದು ತೀರ್ಮಾನಿಸಿದ್ದೆ.

ಆದರೆ ಮಂಗಳೂರಿನ ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತಿಳಿನೀಲಿ ಲ್ಯಾಕರ್ ಸ್ಪ್ರೇ ಹೊಡೆದ ಕೆಲವೇ ನಿಮಿಷಗಳಲ್ಲಿ ಛಾವಣಿಯ ಮೇಲೆ ನೀರು ಮಜ್ಜಿಗೆ ಬಳಿದಂತೆ ಬಿಳಿ ಪೊರೆ ಹರಡಿತು. ಲ್ಯಾಕರಿನ ದ್ರಾವಕವು ವೇಗವಾಗಿ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿಯೇ ಹನಿಗಟ್ಟಿ ಬಣ್ಣದಲ್ಲಿ ಸಿಕ್ಕಿಕೊಳ್ಳುತ್ತದೆ. ಅಂದು ಕೋಣೆಯ ತೇವಾಂಶ ಶೇ 88 ಇತ್ತು. ಬೇಸರವಾಯಿತು, ಆದರೆ ಕಾರಣ ತಿಳಿದಿದ್ದರಿಂದ ದಾರಿಯೂ ತಿಳಿಯಿತು.

ಒಂದು ವಾರ ಒಣಗಲು ಬಿಟ್ಟು, ಬಿಳಿಚಿದ ಪದರವನ್ನು ಹಗುರವಾಗಿ ಉಜ್ಜಿ ತೆಗೆದೆ. ರಟ್ಟಿನ ಪೆಟ್ಟಿಗೆಯೊಳಗೆ 40 ವಾಟ್‌ನ ಹಳೆಯ ಬಗೆಯ ಬಲ್ಬೊಂದನ್ನು ರಟ್ಟಿಗೂ ಬಾಡಿಗೂ ತಾಗದಷ್ಟು ದೂರದಲ್ಲಿ ತೂಗುಹಾಕಿ, ಒಳಗಿನ ಉಷ್ಣತೆ 40 ಡಿಗ್ರಿ ದಾಟದಂತೆ ನೋಡಿಕೊಂಡು, ಬಾಡಿಯನ್ನು ಬಣ್ಣ ಹಾಕುವ ಮೊದಲೂ ನಂತರವೂ ಅದರೊಳಗೆ ಇಟ್ಟೆ. ಸ್ಪ್ರೇ ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕೆಲವು ನಿಮಿಷ ನಿಲ್ಲಿಸಿದರೆ ಬಣ್ಣ ತೆಳುವಾಗಿ, ಹನಿಗಳು ಸಣ್ಣದಾಗಿ ಬೀಳುತ್ತವೆ. ಡಬ್ಬಿಯನ್ನು ಒಲೆಯ ಬಳಿಗೆ ಮಾತ್ರ ಒಯ್ಯಬಾರದು. ಮೊದಲು ಪ್ಲಾಸ್ಟಿಕ್ ಚಮಚದ ಮೇಲೆ ಪರೀಕ್ಷಿಸಿ, ಮಳೆ ಬಿಟ್ಟ ಒಂದು ಮಧ್ಯಾಹ್ನ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಸುಮಾರು 20 ಸೆಂಟಿಮೀಟರ್ ದೂರದಿಂದ ಮೂರು ತೆಳು ಪದರಗಳನ್ನು ಹಾಕಿದೆ. ಈ ಬಾರಿ ಬಣ್ಣ ಸ್ವಚ್ಛವಾಗಿ ಕುಳಿತಿತು, ಮಡ್‌ಗಾರ್ಡಿನ ಸಂದು ಕೂಡ ಉಳಿಯಿತು. ದೀಪದ ಕೆಳಗೆ ಬಾಡಿಯನ್ನು ತಿರುಗಿಸಿ ನೋಡುತ್ತಾ ಬಹಳ ಹೊತ್ತು ಕುಳಿತಿದ್ದೆ.

ಕಿಟಕಿಗಳನ್ನು ಫೆವಿಕಾಲ್‌ನಿಂದ ಕೂರಿಸುವವನಿದ್ದೇನೆ. ಸೂಪರ್ ಗ್ಲೂ ಆರುವಾಗ ಹೊರಬರುವ ಆವಿ ಪಾರದರ್ಶಕ ಭಾಗಗಳನ್ನು ಮಸುಕುಗೊಳಿಸುತ್ತದೆ. ತೆಳುವಾಗಿ ಹಚ್ಚಿದ ಫೆವಿಕಾಲ್ ಒಣಗಿದಾಗ ಕಣ್ಣಿಗೇ ಕಾಣುವುದಿಲ್ಲ, ತಪ್ಪಿದರೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಲೂ ಬರುತ್ತದೆ. ಅದಕ್ಕೂ ಮೊದಲು ಬಣ್ಣದ ಮೇಲೆ ಕ್ಲಿಯರ್ ಕೋಟ್, ಅಂದರೆ ಪಾರದರ್ಶಕ ಮೇಲ್ಪದರ, ಆಗಬೇಕು. ಅದು ಪೂರ್ಣ ಗಟ್ಟಿಯಾದ ಬಳಿಕ ಬಾಗಿಲುಗಳ ಉದ್ದಕ್ಕೂ ಸಾಗುವ ಕ್ರೋಮ್ ಪಟ್ಟಿಗೆ, ಬೆನ್ನಿಗೆ ಅಂಟು ಹಚ್ಚಿದ ತೆಳು ಲೋಹದ ಹಾಳೆಯನ್ನು ಹಲ್ಲುಕಡ್ಡಿಯಿಂದ ಒತ್ತಿ ಕೂರಿಸಿ, ಹೊಸ ಬ್ಲೇಡಿನಿಂದ ಅಂಚು ಕತ್ತರಿಸಬೇಕು. ಸದ್ಯ ಬಾಡಿ ಪೆಟ್ಟಿಗೆಯೊಳಗಿದೆ. ತೇವಾಂಶ ಶೇ 65ರ ಕೆಳಗೆ ಇಳಿಯುವ ದಿನಕ್ಕಾಗಿ ಪ್ರತಿದಿನ ಬೆಳಿಗ್ಗೆ ಮಾಪಕವನ್ನು ನೋಡುತ್ತಿದ್ದೇನೆ.